ಹನ್ನೊಂದು ವರ್ಷ ನಿಂತುಹೋದ ಕಾಗದ: ಒಂದು ಪ್ರಕರಣ ಅಧ್ಯಯನ

ಜಗಳ ಬಿಡಿಸಿ ರಾಜಿ ಮಾಡಿಸುವ ಕೆಲಸದಲ್ಲಿ ಇರುವವರಿಗಾಗಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇದು ನಡೆದದ್ದು ಅಮೆರಿಕದಲ್ಲಿ, ಆ ದೇಶ ಹುಟ್ಟಿದ ಮೊದಲ ಐವತ್ತು ವರ್ಷಗಳಲ್ಲಿ. ಇಬ್ಬರು ದೊಡ್ಡ ರಾಜಕಾರಣಿಗಳು, ಇಬ್ಬರೂ ಅಧ್ಯಕ್ಷರಾದವರು. ಒಂದು ಕಾಲಕ್ಕೆ ಜೀವದ ಗೆಳೆಯರು. ಆಮೇಲೆ ಮಾತು ಬಿಟ್ಟರು. ಮುಪ್ಪಿನಲ್ಲಿ ಮತ್ತೆ ಒಂದಾದರು. ಕೆಟ್ಟದ್ದೂ ಕಾಗದದಿಂದ, ಸರಿಹೋದದ್ದೂ ಕಾಗದದಿಂದ.

ಅವರ ಹೆಸರು ಇಲ್ಲಿ ಹೇಳುವುದಿಲ್ಲ. ಇತಿಹಾಸ ಓದಿದವರಿಗೆ ಬೇಗನೆ ಗೊತ್ತಾಗಿಬಿಡುತ್ತದೆ, ಪರವಾಗಿಲ್ಲ. ಹೆಸರು ಕೇಳಿದ ಕೂಡಲೇ ನಾವು ಒಬ್ಬರ ಪರ ನಿಂತುಬಿಡುತ್ತೇವೆ, ಅಲ್ವಾ? ಹೆಸರು ತೆಗೆದಿಟ್ಟರೆ ಯಾರು ಯಾವಾಗ ಏನು ತೀರ್ಮಾನ ಮಾಡಿದರು ಅನ್ನುವುದು ಚೆನ್ನಾಗಿ ಕಾಣುತ್ತದೆ. 1735ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದವರನ್ನು ‘ಹಿರಿಯರು’ ಎಂದು ಕರೆಯುತ್ತೇನೆ. 1743ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದವರು ‘ಕಿರಿಯರು’. ಇಬ್ಬರನ್ನೂ ಹತ್ತಿರದಿಂದ ಬಲ್ಲ ಫಿಲಡೆಲ್ಫಿಯಾದ ಒಬ್ಬ ವೈದ್ಯರು ‘ಡಾಕ್ಟರು’.

ಹಿನ್ನೆಲೆ

1775ರಲ್ಲಿ ಫಿಲಡೆಲ್ಫಿಯಾದ ಕಾಂಗ್ರೆಸ್‌ನಲ್ಲಿ, ಅಂದರೆ ಅಮೆರಿಕದ ವಸಾಹತುಗಳ ಪ್ರತಿನಿಧಿಗಳ ಸಭೆಯಲ್ಲಿ, ಇಬ್ಬರಿಗೂ ಪರಿಚಯವಾಯಿತು. ಮರುವರ್ಷ ಸ್ವಾತಂತ್ರ್ಯ ಘೋಷಣೆ ಬರೆಯಲು ಮಾಡಿದ ಐವರ ಸಮಿತಿಯಲ್ಲಿ ಇಬ್ಬರೂ ಇದ್ದರು. ಕಿರಿಯರು ಅದನ್ನು ಬರೆದರು. ಹಿರಿಯರು ಸಭೆಯಲ್ಲಿ ಅದಕ್ಕಾಗಿ ವಾದಿಸಿದರು. ಒಬ್ಬರಿಗೆ ಲೇಖನಿ ಒಲಿದಿತ್ತು, ಇನ್ನೊಬ್ಬರಿಗೆ ಮಾತು.

1780ರ ದಶಕದಲ್ಲಿ ಇಬ್ಬರೂ ಯುರೋಪಿನಲ್ಲಿದ್ದರು. ಕಿರಿಯರು ಪ್ಯಾರಿಸ್‌ನಲ್ಲಿ, ಹಿರಿಯರು ಲಂಡನ್ನಿನಲ್ಲಿ ರಾಯಭಾರಿ. 1786ರಲ್ಲಿ ಇಬ್ಬರೂ ಒಟ್ಟಿಗೆ ಇಂಗ್ಲೆಂಡಿನ ತೋಟಗಳನ್ನು ಸುತ್ತಿದರು. ಕಿರಿಯರ ಹೆಂಡತಿ ಆಗಲೇ ತೀರಿಕೊಂಡಿದ್ದರು. 1787ರಲ್ಲಿ ಅವರ ಎಂಟು ವರ್ಷದ ಮಗಳು ಅಟ್ಲಾಂಟಿಕ್ ದಾಟಿ ಬಂದಾಗ, ಲಂಡನ್ನಿನಲ್ಲಿ ಆ ಮಗುವನ್ನು ಇಳಿಸಿಕೊಂಡು ನೋಡಿಕೊಂಡವರು ಹಿರಿಯರ ಪತ್ನಿ. ಅಲ್ಲಿಂದ ಪ್ಯಾರಿಸ್‌ಗೆ ಹೊರಡುವಾಗ ಆ ಹುಡುಗಿ ಆಕೆಯ ಕುತ್ತಿಗೆ ತಬ್ಬಿಕೊಂಡು ಅತ್ತಳು. ಈ ಮಗುವನ್ನು ನೆನಪಿಟ್ಟುಕೊಳ್ಳಿ.

ಒಂದು ಚೀಟಿ

1791. ಹಿರಿಯರು ಉಪಾಧ್ಯಕ್ಷರು, ಕಿರಿಯರು ವಿದೇಶಾಂಗ ಕಾರ್ಯದರ್ಶಿ, ಇಬ್ಬರೂ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಸರ್ಕಾರದಲ್ಲೇ. ಫ್ರಾನ್ಸಿನ ಕ್ರಾಂತಿಯನ್ನು ಎತ್ತಿಹಿಡಿದ ಥಾಮಸ್ ಪೇನ್‌ನ ಪುಸ್ತಕವೊಂದು ಕಿರಿಯರ ಕೈಗೆ ಬಂತು. ಅಮೆರಿಕದಲ್ಲಿ ಅದನ್ನು ಮತ್ತೆ ಅಚ್ಚು ಹಾಕಲು ಕಳಿಸಿಕೊಡಬೇಕಿತ್ತು. ಜೊತೆಗೆ ಒಂದು ಸಣ್ಣ ಚೀಟಿ ಇಟ್ಟರು. ನಮ್ಮ ನಡುವೆ ಹುಟ್ಟಿಕೊಂಡಿರುವ ರಾಜಕೀಯ ಅಪಧರ್ಮಗಳ ವಿರುದ್ಧ ಕೊನೆಗೂ ಬಹಿರಂಗವಾಗಿ ಏನಾದರೂ ಹೇಳಲಾಗುತ್ತಿದೆ, ಸಂತೋಷ ಎಂಬ ಅರ್ಥದ ಮಾತು. ಮುದ್ರಕ ಆ ಚೀಟಿಯನ್ನೇ ಪುಸ್ತಕದ ಮೊದಲ ಪುಟಕ್ಕೆ ಹಾಕಿಬಿಟ್ಟ.

‘ಅಪಧರ್ಮ’ ಅಂದರೆ ಯಾರದ್ದು ಅಂತ ಊರಿಗೇ ಗೊತ್ತಾಯಿತು. ಕ್ರಾಂತಿಯ ಬಗ್ಗೆ ಅನುಮಾನ ತೋರಿಸಿ ಹಿರಿಯರು ಆಗಷ್ಟೇ ಪತ್ರಿಕೆಯಲ್ಲಿ ಸರಣಿ ಲೇಖನ ಬರೆದಿದ್ದರು. ಇದಕ್ಕೆ ಉತ್ತರವಾಗಿ ಹಿರಿಯರ ಮಗ ಬೇರೆ ಹೆಸರಿನಲ್ಲಿ ಲೇಖನಗಳನ್ನು ಬರೆದ. ಅವನ್ನು ಅಪ್ಪನೇ ಬರೆದದ್ದು ಅಂತ ಜನ ನಂಬಿದರು. ಇಬ್ಬರೂ ಒಂದು ಮಾತೂ ಆಡದೆ, ಪತ್ರಿಕೆಗಳಲ್ಲಿ ಅವರ ಜಗಳ ಜೋರಾಗಿ ನಡೆಯುತ್ತಿತ್ತು.

ಜುಲೈನಲ್ಲಿ ಕಿರಿಯರು ಹಿರಿಯರಿಗೆ ಕಾಗದ ಬರೆದರು. ಬರೆಯಲು ಹತ್ತಾರು ಸಲ ಲೇಖನಿ ಎತ್ತಿಕೊಂಡೆ, ಅಷ್ಟೇ ಸಲ ಕೆಳಗಿಟ್ಟೆ ಎಂದು ಶುರು ಮಾಡಿದರು. ಆ ಚೀಟಿ ಅಚ್ಚಾಗಲಿ ಎಂದು ಬರೆದದ್ದಲ್ಲ ಎಂದರು. ಒಳ್ಳೆಯ ಕಾಗದ ಅದು. ಹಿರಿಯರ ಉತ್ತರವೂ ಬೆಚ್ಚಗಿತ್ತು. ಹದಿನೈದು ವರ್ಷದ ಈ ಗೆಳೆತನ ನನಗೆ ಇವತ್ತಿಗೂ ಪ್ರಿಯ ಎಂದರು. ಅದರಲ್ಲೇ ಇನ್ನೊಂದು ಮಾತು ಇತ್ತು: ಸರ್ಕಾರ ಹೇಗಿರಬೇಕು ಎಂಬ ಬಗ್ಗೆ ನೀವೂ ನಾನೂ ಕೂತು ಗಂಭೀರವಾಗಿ ಮಾತಾಡಿದ್ದು ನನಗೆ ನೆನಪೇ ಇಲ್ಲ.

ಇಡೀ ಪ್ರಕರಣದ ಬೀಗದ ಕೈ ಇದೇ ಅಂತ ನನಗೆ ಅನಿಸುತ್ತದೆ. ಹದಿನೈದು ವರ್ಷ ಜೊತೆಗಿದ್ದವರು. ಜಗಳಕ್ಕೆ ಕಾರಣವಾದ ವಿಷಯವನ್ನು ಒಬ್ಬರಿಗೊಬ್ಬರು ಮುಖಕ್ಕೆ ಮುಖ ಕೊಟ್ಟು ಒಂದು ಸಲವೂ ಮಾತಾಡಿರಲಿಲ್ಲ. ಬೇರೆಯವರ ಹತ್ತಿರ ಮಾತ್ರ ಮಾತಾಡಿದ್ದರು.

ಆ ಬಾಗಿಲು ಆಗ ತೆರೆದಿತ್ತು. ಕಿರಿಯರು ಒಳಗೆ ಹೋಗಲಿಲ್ಲ. ಆಗಸ್ಟ್‌ನ ಕಾಗದದಲ್ಲಿ, ಆ ಚೀಟಿ ನಿಮ್ಮನ್ನು ಕುರಿತದ್ದೇ ಅಲ್ಲ ಎಂದುಬಿಟ್ಟರು. ಅದು ಸುಳ್ಳು. ಮೇ ತಿಂಗಳಲ್ಲೇ ವಾಷಿಂಗ್ಟನ್‌ಗೆ ಬರೆದ ಕಾಗದದಲ್ಲಿ, ಅದು ಹಿರಿಯರ ಲೇಖನಗಳನ್ನು ಕುರಿತದ್ದೇ ಎಂದು ಅವರೇ ಒಪ್ಪಿದ್ದರು. ನೋವಾಗದಿರಲಿ ಎಂದು ಹೇಳಿದ ಸುಳ್ಳು ಇರಬಹುದು. ಆದರೆ ಅದರಿಂದ ಮಾತು ಅಲ್ಲಿಗೇ ಮುಗಿಯಿತು. ‘ಹೌದು, ನಿಮ್ಮ ಬರಹ ನನಗೆ ಒಪ್ಪಿಗೆಯಾಗಲಿಲ್ಲ’ ಅಂದಿದ್ದರೆ ಇಬ್ಬರೂ ವಾದ ಮಾಡಬಹುದಿತ್ತು.

ತಲುಪದ ಕಾಗದ

1796ರ ಅಧ್ಯಕ್ಷ ಚುನಾವಣೆಯಲ್ಲಿ ರಾಜ್ಯಗಳ ಚುನಾಯಕರಿಂದ ಹಿರಿಯರಿಗೆ 71 ಮತ, ಕಿರಿಯರಿಗೆ 68. ಆಗಿನ ನಿಯಮದಂತೆ ಎರಡನೆಯವರು ಉಪಾಧ್ಯಕ್ಷರಾದರು. ಎದುರಾಳಿಗಳು ಒಂದೇ ಸರ್ಕಾರದಲ್ಲಿ.

ಡಿಸೆಂಬರ್ 28ರಂದು ಕಿರಿಯರು ಹಿರಿಯರಿಗೆ ಕಾಗದ ಬರೆದರು. ನೀವು ಗೆದ್ದದ್ದು ನನಗೆ ಬೇಸರವಲ್ಲ, ಜನರನ್ನು ಆಳುವ ಆಸೆ ನನಗಿಲ್ಲ ಎಂದರು. ನಿಮ್ಮ ಪಕ್ಷದೊಳಗೇ ನಿಮಗೆ ಮೋಸ ಮಾಡುವವರು ಇದ್ದಾರೆ, ಹುಷಾರು ಎಂದೂ ಬರೆದರು. ಆದರೆ ಅದನ್ನು ನೇರವಾಗಿ ಅಂಚೆಗೆ ಹಾಕಲಿಲ್ಲ. ತಮ್ಮ ಆಪ್ತ ಸಲಹೆಗಾರರಿಗೆ ಕಳಿಸಿ, ನೋಡಿ, ಸರಿ ಅನಿಸಿದರೆ ಮುಂದೆ ಕೊಡಿ ಎಂದರು. ಸಲಹೆಗಾರರು ಓದಿದರು, ಕಾರಣಗಳ ಪಟ್ಟಿಯನ್ನೇ ಬರೆದು ಕಾಗದವನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು. ಅದರಲ್ಲಿ ಒಂದು ಕಾರಣ: ನಾಳೆ ನೀವು ಅವರನ್ನು ವಿರೋಧಿಸಬೇಕಾಗಿ ಬರಬಹುದು. ಆಗ ನೀವೇ ಕೈಯಾರೆ ಬರೆದ ಹೊಗಳಿಕೆ ಅವರ ಕೈಯಲ್ಲಿರುತ್ತದೆ.

ರಾಜಕೀಯದ ಲೆಕ್ಕದಲ್ಲಿ ಸಲಹೆ ತಪ್ಪಲ್ಲ. ಹಿತಬಯಸಿಯೇ ಕೊಟ್ಟದ್ದು. ರಾಜಿ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೋಡುವುದೂ ಇದನ್ನೇ. ಮಧ್ಯೆ ನಿಂತ ಒಳ್ಳೆಯ ಮನುಷ್ಯ ತನ್ನವರನ್ನು ಕಾಪಾಡಲು ಹೋಗುತ್ತಾನೆ. ಆ ಕಡೆಯವರಿಗೆ ಸಿಗಬೇಕಾದ ಒಂದು ಒಳ್ಳೆಯ ಮಾತು ಜೇಬಿನಲ್ಲೇ ಉಳಿಯುತ್ತದೆ. ಕಿರಿಯರು ಹೀಗೆ ಬರೆದಿದ್ದರು ಅಂತ ಆಗ ಹಿರಿಯರಿಗೆ ಗೊತ್ತಾಗಲೇ ಇಲ್ಲ.

ಮುಂದಿನ ನಾಲ್ಕು ವರ್ಷದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು, ಬೇಗ ಹೇಳಿಬಿಡುತ್ತೇನೆ. ಸರ್ಕಾರವನ್ನು ಟೀಕಿಸಿದವರನ್ನು ಜೈಲಿಗೆ ಹಾಕುವ 1798ರ ಕಾಯ್ದೆಗೆ ಹಿರಿಯರು ಸಹಿ ಹಾಕಿದರು. ಹಿರಿಯರನ್ನು ಕೆಟ್ಟದಾಗಿ ಬೈದು ಬರೆಯುತ್ತಿದ್ದ ಒಬ್ಬ ಪತ್ರಿಕೆ ಬರಹಗಾರನಿಗೆ ಕಿರಿಯರು ಹಣ ಕೊಟ್ಟರು. 1800ರ ಚುನಾವಣೆಯಲ್ಲಿ ಹಿರಿಯರು ಸೋತರು, ಕಿರಿಯರು ಗೆದ್ದರು. ಅಧಿಕಾರ ಬಿಡುವ ಕೊನೆ ದಿನಗಳಲ್ಲಿ ಹಿರಿಯರು ತಮ್ಮ ಪಕ್ಷದವರನ್ನು ನ್ಯಾಯಾಧೀಶರಾಗಿ ನೇಮಿಸಿದರು. 1801ರ ಮಾರ್ಚ್ 4ರಂದು ಹೊಸ ಅಧ್ಯಕ್ಷರ ಪ್ರಮಾಣವಚನಕ್ಕೆ ನಿಲ್ಲದೆ ಬೆಳಗಿನ ಜಾವ ನಾಲ್ಕಕ್ಕೇ ರಾಜಧಾನಿ ಬಿಟ್ಟು ಹೊರಟರು.

ಆ ತಿಂಗಳು 24ಕ್ಕೆ ಹಿರಿಯರಿಂದ ಒಂದು ಚಿಕ್ಕ ಕಾಗದ ಹೋಯಿತು. ಹಿಂದಿನ ನವೆಂಬರ್‌ನಲ್ಲಿ ಅವರ ಒಬ್ಬ ಮಗ ತೀರಿಕೊಂಡಿದ್ದ. ಅದರ ನೋವು ಆ ಕಾಗದದಲ್ಲಿದೆ. ಅಲ್ಲಿಂದ ಸುಮಾರು ಹನ್ನೊಂದು ವರ್ಷ ಇಬ್ಬರ ನಡುವೆ ಒಂದು ಸಾಲೂ ಇಲ್ಲ.

ಸೋತ ಪ್ರಯತ್ನ

ಲಂಡನ್ನಿನಲ್ಲಿ ಅತ್ತಿದ್ದ ಆ ಹುಡುಗಿ 1804ರ ಏಪ್ರಿಲ್‌ನಲ್ಲಿ ತೀರಿಕೊಂಡಳು. ಅವಳಿಗಾಗ 25 ವರ್ಷ. ಸುದ್ದಿ ತಿಳಿದ ಹಿರಿಯರ ಪತ್ನಿಗೆ ತಡೆಯಲಾಗಲಿಲ್ಲ. ಗಂಡನಿಗೂ ಹೇಳದೆ ಕಿರಿಯರಿಗೆ ಸಾಂತ್ವನದ ಕಾಗದ ಬರೆದರು. ಆ ಮಗು ಕುತ್ತಿಗೆ ತಬ್ಬಿಕೊಂಡದ್ದನ್ನು ಅದರಲ್ಲಿ ನೆನೆದರು.

ಕಿರಿಯರ ಉತ್ತರ ಪ್ರೀತಿಯಿಂದಲೇ ಶುರುವಾಯಿತು. ಆಮೇಲೆ ಅವರು ಒಂದು ತಪ್ಪು ಮಾಡಿದರು. ನಿಮ್ಮ ಯಜಮಾನರ ಒಂದೇ ಒಂದು ಕೆಲಸ ನನಗೆ ವೈಯಕ್ತಿಕವಾಗಿ ನೋವು ಕೊಟ್ಟಿತು ಎಂದು ಕೊನೆ ದಿನಗಳ ಆ ನೇಮಕಾತಿಗಳ ಸುದ್ದಿ ತೆಗೆದರು. ಅದನ್ನು ಕ್ಷಮಿಸಿದ್ದೇನೆ ಎಂಬ ಧಾಟಿಯಲ್ಲಿ ಬರೆದರು. ಅದು ಸಾಂತ್ವನದ ಕಾಗದಕ್ಕೆ ಬರೆದ ಉತ್ತರ. ಆ ಜಾಗದಲ್ಲಿ ಲೆಕ್ಕ ತೆಗೆಯಬಾರದಿತ್ತು. ಆಕೆಯೂ ಬಿಡಲಿಲ್ಲ. ಆ ಪತ್ರಿಕೆ ಬರಹಗಾರನಿಗೆ ಕೊಟ್ಟ ಹಣದ ವಿಚಾರ ಬಂತು. ತಮ್ಮ ಮಗನನ್ನು ಒಂದು ಸರ್ಕಾರಿ ಹುದ್ದೆಯಿಂದ ತೆಗೆದದ್ದೂ ಬಂತು. ಕಿರಿಯರು ಒಂದೊಂದಕ್ಕೂ ಸಮಜಾಯಿಷಿ ಕೊಟ್ಟರು. ಸಮಜಾಯಿಷಿ ಜಾಸ್ತಿಯಾದಷ್ಟೂ ದೂರ ಜಾಸ್ತಿಯಾಯಿತು. ಏಳು ಕಾಗದಗಳ ನಂತರ, ಅಕ್ಟೋಬರ್‌ನಲ್ಲಿ ಆಕೆ ಮುಗಿಸಿದರು.

ನವೆಂಬರ್‌ನಲ್ಲಿ ಆಕೆ ಎಲ್ಲ ಕಾಗದಗಳನ್ನೂ ಗಂಡನ ಮುಂದಿಟ್ಟರು. ಹಿರಿಯರು ಓದಿ ಕೆಳಗೆ ಒಂದು ಟಿಪ್ಪಣಿ ಬರೆದರು. ಇದು ನನಗೆ ಗೊತ್ತಿಲ್ಲದೆ ನಡೆದದ್ದು. ಈಗ, ಇಲ್ಲಿ, ನಾನು ಹೇಳುವುದು ಏನೂ ಇಲ್ಲ. ಅಷ್ಟೇ. ಕೋಪದವರೆಂದು ಹೆಸರಾದ ಮನುಷ್ಯ. ಅವರು ಸುಮ್ನೆ ಇದ್ದದ್ದು ಆ ಹೊತ್ತಿನಲ್ಲಿ ಯಾರೂ ಮಾಡದ ಒಳ್ಳೆಯ ಕೆಲಸ ಅಂತ ನಾನು ಎಣಿಸುತ್ತೇನೆ.

ಡಾಕ್ಟರು

1809ರಲ್ಲಿ ಕಿರಿಯರೂ ಅಧಿಕಾರ ಬಿಟ್ಟು ಬೆಟ್ಟದ ಮೇಲಿನ ತಮ್ಮ ಮನೆಗೆ ಹೋದರು. ಈಗ ಇಬ್ಬರ ಕೈಯಲ್ಲೂ ಕೊಡುವುದಕ್ಕೆ ಹುದ್ದೆ ಇಲ್ಲ, ಕಳೆದುಕೊಳ್ಳುವುದಕ್ಕೆ ಚುನಾವಣೆ ಇಲ್ಲ. ಡಾಕ್ಟರು ಕೈ ಹಾಕಿದ್ದು ಈ ಹೊತ್ತಿಗೆ. ಅವರೂ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು, ಇಬ್ಬರಿಗೂ ಬೇಕಾದವರು.

ಅಕ್ಟೋಬರ್ 17ರಂದು ಅವರು ಹಿರಿಯರಿಗೆ ಒಂದು ಕನಸು ಬರೆದು ಕಳಿಸಿದರು. ಕನಸಿನಲ್ಲಿ ತಮ್ಮ ಮಗ ಒಂದು ಇತಿಹಾಸದ ಪುಸ್ತಕ ಓದುತ್ತಿದ್ದನಂತೆ. ಇಬ್ಬರು ಮಾಜಿ ಅಧ್ಯಕ್ಷರು ಮತ್ತೆ ಗೆಳೆಯರಾದದ್ದು ಅದರಲ್ಲಿತ್ತಂತೆ. ಮೊದಲು ಬರೆದವರು ಹಿರಿಯರಂತೆ, ಚಿಕ್ಕದಾಗಿ. ವರ್ಷಗಟ್ಟಲೆ ಕಾಗದ ಬರೆದುಕೊಂಡು ಕೊನೆಗೆ ಇಬ್ಬರೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ತೀರಿಕೊಂಡರಂತೆ. (ಆ ಕೊನೆ ಸಾಲೂ ಮುಂದೆ ನಿಜವಾಯಿತು: 1826ರ ಜುಲೈ 4ರಂದು ಇಬ್ಬರೂ ತೀರಿಕೊಂಡರು.) ನಿಮ್ಮ ಕನಸಿಗೆ ನನ್ನ ಆಕ್ಷೇಪ ಒಂದೇ, ಅದು ಇತಿಹಾಸ ಅಲ್ಲ, ಭವಿಷ್ಯವಾಣಿ ಆಗಬಹುದು ಎಂದು ಹಿರಿಯರು ಉತ್ತರಿಸಿದರು. ಕಾಗದ ಮಾತ್ರ ಬರೆಯಲಿಲ್ಲ.

ಡಾಕ್ಟರು ಒತ್ತಾಯ ಮಾಡಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾದು, 1811ರ ಜನವರಿಯಲ್ಲಿ ಕಿರಿಯರಿಗೆ ಬರೆದರು. ಕಿರಿಯರು 1804ರ ಆ ಕಾಗದಗಳ ನಕಲನ್ನೇ ಕಳಿಸಿ, ನಾನು ಪ್ರಯತ್ನ ಮಾಡಿದ್ದೆ, ಆಗಲಿಲ್ಲ ಎಂದರು. ಡಾಕ್ಟರು ಆಗ ‘ಇದರಲ್ಲಿ ಯಾರದು ತಪ್ಪು’ ಅಂತ ತೀರ್ಪು ಕೊಡಲು ಕೂತಿದ್ದರೆ ಕೆಲಸ ಅಲ್ಲಿಗೇ ಕೆಡುತ್ತಿತ್ತು.

ತಿರುವು ಕೊಟ್ಟದ್ದು ಇನ್ನೊಂದು ಘಟನೆ. ಅದೇ ಬೇಸಿಗೆಯಲ್ಲಿ ಕಿರಿಯರ ಕಡೆಯ ಇಬ್ಬರು ಯುವಕರು, ಅಣ್ಣತಮ್ಮಂದಿರು, ಉತ್ತರಕ್ಕೆ ಪ್ರವಾಸ ಹೋದಾಗ ಹಿರಿಯರ ಮನೆಗೂ ಹೋದರು. ಹಿರಿಯರು ಹಳೆಯದನ್ನೆಲ್ಲ ಹೇಳಿಕೊಂಡರು, ದೂರು ಹೇಳಿದರು. ಆಮೇಲೆ, ಅವರನ್ನು ನಾನು ಯಾವಾಗಲೂ ಪ್ರೀತಿಸಿದ್ದೇನೆ, ಈಗಲೂ ಪ್ರೀತಿಸುತ್ತೇನೆ ಎಂದರು. ಹುಡುಗರು ಇದನ್ನು ಕಿರಿಯರಿಗೆ ಮುಟ್ಟಿಸಿದರು. ಕಿರಿಯರು ಡಿಸೆಂಬರ್ 5ರಂದು ಡಾಕ್ಟರಿಗೆ ಬರೆದರು: ನನಗೆ ಇಷ್ಟೇ ಸಾಕು.

ಇಷ್ಟು ದಿನ ಬೇರೆಯವರ ಬಾಯಿಂದ ಕಿರಿಯರ ಕಿವಿಗೆ ಬೀಳುತ್ತಿದ್ದದ್ದು ಕಹಿ ಮಾತುಗಳು. ಮೊದಲ ಸಲ ಅದೇ ದಾರಿಯಲ್ಲಿ ಒಂದು ಸಿಹಿ ಮಾತು ಬಂತು. ಈ ಇಬ್ಬರು ಹುಡುಗರು ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳಲಿಲ್ಲ.

ಅದೇ ಕಾಗದದಲ್ಲಿ ಕಿರಿಯರು ಇನ್ನೊಂದು ಮಾತು ಹೇಳಿದ್ದರು. ಇಷ್ಟು ವರ್ಷ ನಿಂತದ್ದನ್ನು ಮತ್ತೆ ಶುರು ಮಾಡುವುದಕ್ಕೆ ಮುಜುಗರ, ಏನಾದರೂ ಒಂದು ನೆಪ ಸಿಗಬೇಕು. ಡಾಕ್ಟರು ಇದನ್ನು ಹಿರಿಯರಿಗೆ ತಿಳಿಸಿದರು. ಡಿಸೆಂಬರ್ 25ಕ್ಕೆ ಹಿರಿಯರಿಂದ ಉತ್ತರ: ನಾವಿಬ್ಬರೂ ಕಾಗದ ಬರೆದು ಏನು ಪ್ರಯೋಜನ, ನನಗೆ ಹೇಳುವುದೇನೂ ಇಲ್ಲ. ಹಾಗೆ ಬರೆದು ಒಂದು ವಾರಕ್ಕೆ ಅವರು ಬರೆದೇಬಿಟ್ಟರು.

ಮನೆಯಲ್ಲಿ ನೇಯ್ದ ಬಟ್ಟೆ

1812ರ ಜನವರಿ 1. ಹಿರಿಯರ ಕಾಗದ ಚಿಕ್ಕದು. ಹೊಸ ವರ್ಷದ ಶುಭಾಶಯ, ಮನೆಯ ಒಂದೆರಡು ಸುದ್ದಿ, ಜೊತೆಗೆ ಒಂದು ಉಡುಗೊರೆ ಕಳಿಸಿದ್ದೇನೆ ಎಂಬ ಮಾತು. ಮನೆಯಲ್ಲೇ ನೂತು ನೇಯ್ದ ಎರಡು ತುಂಡು ಬಟ್ಟೆ, ನಮ್ಮ ದೇಶದ ತಯಾರಿಕೆಗೆ ನೀವು ಸ್ನೇಹಿತರಲ್ಲವೇ ಎಂದು ಬರೆದಿದ್ದರು. ಹಳೆಯ ಜಗಳದ ಒಂದು ಪದವೂ ಇಲ್ಲ. ಕ್ಷಮೆ ಕೇಳಲಿಲ್ಲ, ಕೇಳಿಸಿಕೊಳ್ಳಲೂ ಇಲ್ಲ.

ಕಾಗದ ಮೊದಲು ಬಂತು, ಪೊಟ್ಟಣ ಹಿಂದೆ ಬಿತ್ತು. ಕಿರಿಯರು ಅದನ್ನು ನಿಜವಾದ ಬಟ್ಟೆ ಅಂತಲೇ ತಿಳಿದರು. ಬ್ರಿಟನ್ನಿನ ಸರಕು ಬೇಡವೆಂದು ಊರೂರಲ್ಲಿ ನೂಲು ತೆಗೆಯುತ್ತಿದ್ದ ಕಾಲ ಅದು. ಜನವರಿ 21ರಂದು ಕೂತು, ವರ್ಜೀನಿಯಾದಲ್ಲಿ ಮನೆಮನೆಯಲ್ಲೂ ಹೇಗೆ ನೇಯುತ್ತಾರೆ ಅಂತ ವಿವರವಾಗಿ ಬರೆದರು. ಆಮೇಲೆ ಪೊಟ್ಟಣ ಬಂತು. ಅದರಲ್ಲಿದ್ದದ್ದು ಬಟ್ಟೆಯಲ್ಲ, ಎರಡು ಸಂಪುಟದ ಪುಸ್ತಕ. ಹಿರಿಯರ ಮಗ ಮಾಡಿದ ಭಾಷಣ ಕಲೆಯ ಉಪನ್ಯಾಸಗಳು. 1791ರಲ್ಲಿ ಬೇರೆ ಹೆಸರಿನಲ್ಲಿ ಲೇಖನ ಬರೆದು ಬೆಂಕಿಗೆ ತುಪ್ಪ ಸುರಿದಿದ್ದ ಅದೇ ಮಗ. 1804ರಲ್ಲಿ ತಾಯಿ ಯಾರ ಹುದ್ದೆಗಾಗಿ ಮುನಿಸಿಕೊಂಡರೋ ಅದೇ ಮಗ. ಕಿರಿಯರು 23ರಂದು ಮತ್ತೊಂದು ಕಾಗದ ಬರೆದರು.

ನನಗೆ ಈ ತಪ್ಪು ತಿಳಿವಳಿಕೆ ತುಂಬಾ ಇಷ್ಟ. ಹನ್ನೊಂದು ವರ್ಷದ ಮೌನ ಮುರಿದದ್ದು ನೂಲು, ಮಗ್ಗದ ಮಾತಿನಿಂದ. ಬಟ್ಟೆಯ ಮಾತು ಮುಗಿದ ಮೇಲೆ ಕಿರಿಯರ ಲೇಖನಿ ತಾನಾಗಿ ಹಿಂದಕ್ಕೆ ಹೋಯಿತು. ನಿಮ್ಮ ಕಾಗದ ತುಂಬಾ ಪ್ರಿಯವಾದ ನೆನಪುಗಳನ್ನು ಎಬ್ಬಿಸಿತು, ಕಷ್ಟ ಅಪಾಯಗಳ ನಡುವೆ ಒಂದೇ ಕೆಲಸಕ್ಕೆ ಹೆಗಲು ಕೊಟ್ಟವರು ನಾವು ಎಂದು ಬರೆದರು. ಘೋಷಣೆಗೆ ಸಹಿ ಹಾಕಿದವರಲ್ಲಿ ಪೊಟೊಮ್ಯಾಕ್ ನದಿಯ ಈ ಕಡೆ ಉಳಿದಿರುವುದು ನಾನೊಬ್ಬನೇ ಎಂದರು. ಪತ್ರಿಕೆ ಓದುವುದು ಬಿಟ್ಟಿದ್ದೇನೆ, ದಿನಕ್ಕೆ ಮೂರು ನಾಲ್ಕು ಗಂಟೆ ಕುದುರೆ ಮೇಲೆ ಇರುತ್ತೇನೆ, ನಿಮ್ಮ ಆರೋಗ್ಯ ಹೇಗಿದೆ?

ಅಲ್ಲಿಂದ 1826ರವರೆಗೆ 158 ಕಾಗದಗಳು. ಅದರಲ್ಲಿ ಹಿರಿಯರವು 109. ನಾನು ನಾಲ್ಕು ಬರೆದು ನೀವು ಒಂದು ಬರೆದರೂ ಚಿಂತೆಯಿಲ್ಲ, ನಿಮ್ಮ ಒಂದು ನನ್ನ ನಾಲ್ಕಕ್ಕಿಂತ ಜಾಸ್ತಿ ಎಂದು ಅವರೇ ಹೇಳಿದರು. ಎಷ್ಟು ಕೊಟ್ಟೆ, ಎಷ್ಟು ಬಂತು ಅಂತ ಎಣಿಸುವುದನ್ನು ಒಬ್ಬರಾದರೂ ಬಿಡಬೇಕಾಗುತ್ತದೆ. ಇಲ್ಲಿ ಬಿಟ್ಟವರು ಹಿರಿಯರು.

ಹಳೆ ಕಾಗದ ಮತ್ತೆ ಎದ್ದಾಗ

1813ರ ಏಪ್ರಿಲ್‌ನಲ್ಲಿ ಡಾಕ್ಟರು ತೀರಿಕೊಂಡರು. ಸ್ವಲ್ಪ ದಿನಕ್ಕೇ ಪರೀಕ್ಷೆ ಬಂತು. 1801ರಲ್ಲಿ ಕಿರಿಯರು ವಿಜ್ಞಾನಿ ಪ್ರೀಸ್ಟ್ಲಿಗೆ ಖಾಸಗಿಯಾಗಿ ಬರೆದ ಕಾಗದವೊಂದು ಲಂಡನ್ನಿನ ಪುಸ್ತಕವೊಂದರಲ್ಲಿ ಅಚ್ಚಾಗಿ, ಹಿರಿಯರ ಕಣ್ಣಿಗೆ ಬಿತ್ತು. ಹಿಂದಕ್ಕೆ ನೋಡುವವರು, ಹೊಸ ಅರಿವು ಬೇಡದವರು ಎಂದು ಹಿರಿಯರ ಪಕ್ಷವನ್ನು ಅದರಲ್ಲಿ ತೆಗಳಿದ್ದರು, ಹಿರಿಯರ ಮಾತನ್ನೂ ಎಳೆದು ತಂದಿದ್ದರು. ಅದೇ 1791ರ ಕಥೆ: ಮೂರನೆಯವರಿಗೆ ಬರೆದದ್ದು, ಊರಿಗೆಲ್ಲ ಅಚ್ಚಾದದ್ದು.

ಹಿರಿಯರು ಮೇಲಿಂದ ಮೇಲೆ ಕಾಗದ ಬರೆದು ವಿವರಣೆ ಕೇಳಿದರು. ಈ ಸಲ ಕಿರಿಯರು ‘ನಿಮ್ಮನ್ನಲ್ಲ’ ಎಂದು ಜಾರಿಕೊಳ್ಳಲಿಲ್ಲ. ಬರೆದದ್ದು ನಾನು, ಅಚ್ಚಾಗಲಿ ಎಂದಲ್ಲ, ಆ ಕಾಲದ ಬಗ್ಗೆ ನನ್ನ ಅಭಿಪ್ರಾಯ ಅದೇ, ನಿಮ್ಮ ಪಕ್ಷದ ಮಾತನ್ನು ನೀವು ಅವರಿಗಿಂತ ಚೆನ್ನಾಗಿ ಹೇಳಿದ್ದರಿಂದ ನಿಮ್ಮ ಮಾತು ಬಂತು ಎಂದರು. ಹಿರಿಯರಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಅವರು ಬಾಗಿಲು ಮುಚ್ಚಲಿಲ್ಲ. ಜುಲೈ 15ರಂದು ಬರೆದರು: ಒಬ್ಬರಿಗೊಬ್ಬರು ನಮ್ಮನ್ನು ನಾವು ವಿವರಿಸಿಕೊಳ್ಳುವ ಮೊದಲು ನೀವೂ ನಾನೂ ಸಾಯಬಾರದು. ಇಪ್ಪತ್ತೆರಡು ವರ್ಷದ ಹಿಂದೆ ‘ನಾವು ಕೂತು ಮಾತಾಡಿಯೇ ಇಲ್ಲ’ ಎಂದ ಅದೇ ಮನುಷ್ಯ. ಆ ಕಾಗದದ ಅಂಚಿನಲ್ಲಿ ಅವರ ಪತ್ನಿ ತಾವೇ ಒಂದೆರಡು ಸಾಲು ಸೇರಿಸಿದರು. ಹಳೆಯ ಸ್ನೇಹಿತೆಯ ನೆನಪು ಹೇಳಲು ಜಾಗ ಹುಡುಕುತ್ತಿದ್ದೆ ಎಂದು. 1804ರಲ್ಲಿ ಮುಚ್ಚಿದ ಬಾಗಿಲು ಅಂಚಿನ ಆ ಜಾಗದಲ್ಲಿ ತೆರೆಯಿತು.

ಆಮೇಲೆ ಅವರು ಎಲ್ಲದರ ಬಗ್ಗೆಯೂ ವಾದ ಮಾಡಿದರು. ಧರ್ಮ, ಫ್ರಾನ್ಸ್, ಹುಟ್ಟಿನಿಂದ ದೊಡ್ಡವರು ಯಾರು ಗುಣದಿಂದ ದೊಡ್ಡವರು ಯಾರು, ಮುಪ್ಪು, ದುಃಖ. ಒಂದು ವಿಷಯ ಮಾತ್ರ ಬಿಟ್ಟುಹೋಯಿತು, ಅದನ್ನು ಮುಚ್ಚಿಡಬಾರದು. ಕಿರಿಯರು ಬದುಕಿನುದ್ದಕ್ಕೂ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡವರು. ಹಿರಿಯರು ಗುಲಾಮರನ್ನು ಇಟ್ಟುಕೊಳ್ಳಲಿಲ್ಲ. 1821ರಲ್ಲಿ ಅವರು ಗುಲಾಮಗಿರಿಯನ್ನು ದೇಶದ ಮೇಲೆ ಅರ್ಧ ಶತಮಾನದಿಂದ ಕವಿದಿರುವ ಕರಿಮೋಡ ಎಂದರು. ಆದರೆ ಅದನ್ನು ದಕ್ಷಿಣದವರಿಗೇ ಬಿಟ್ಟಿದ್ದೇನೆ ಎಂದು ಹಿಂದೆ ಸರಿದರು. ಗೆಳೆತನ ಉಳಿಯಿತು. ಅದಕ್ಕೆ ಕೊಟ್ಟ ಬೆಲೆಯಲ್ಲಿ ಒಂದು ಪಾಲು ಆ ಮೌನ. ಆ ಬೆಲೆ ತೆತ್ತವರು ಈ ಇಬ್ಬರಲ್ಲ. ಯಾವ ರಾಜಿಯನ್ನು ನೋಡುವಾಗಲೂ ಕೋಣೆಯಲ್ಲಿ ಇಲ್ಲದವರು ಯಾರು ಅಂತ ನಾನು ಕೇಳಿಕೊಳ್ಳುವುದು ಈ ಪ್ರಕರಣ ಓದಿದ ಮೇಲೆ.

1823ರ ಬೆಳಗಿನ ತಿಂಡಿ

ಮೂರನೇ ಸಲ ಕಾಗದ ಸೋರಿದ್ದು ಹಿರಿಯರ ಕಡೆಯಿಂದ. ಮೌನದ ವರ್ಷಗಳಲ್ಲಿ ಅವರು ಒಬ್ಬ ಬಂಧುವಿಗೆ ಕಿರಿಯರ ಬಗ್ಗೆ ಕಹಿಯಾಗಿ ಬರೆದಿದ್ದರು. ನಾನು ಬದುಕಿರುವವರೆಗೆ ಅಚ್ಚು ಹಾಕಬಾರದು ಎಂದು ಮಾತು ತೆಗೆದುಕೊಂಡಿದ್ದರು. ಆ ಬಂಧು ತೀರಿಕೊಂಡ ಮೇಲೆ 1823ರಲ್ಲಿ ಅವನ ಮಗ ಎಲ್ಲವನ್ನೂ ಅಚ್ಚು ಹಾಕಿದ. ಹಿರಿಯರ ಮಗ ಅಧ್ಯಕ್ಷ ಚುನಾವಣೆಗೆ ನಿಲ್ಲುವವನಿದ್ದ, ಅವನನ್ನು ಕೆಡವುವ ಉದ್ದೇಶ. ಪತ್ರಿಕೆಗಳು ಅದನ್ನು ಎತ್ತಿಕೊಂಡವು.

ಕಿರಿಯರಿಗೆ ಆಗ 80 ವರ್ಷ. ಮಣಿಕಟ್ಟು, ಬೆರಳು ನೋವಿನಿಂದ ಬರೆಯುವುದೇ ಕಷ್ಟ. ಹಿರಿಯರು ಕೇಳುವ ಮೊದಲೇ, ಅಕ್ಟೋಬರ್ 12ರಂದು ಅವರೇ ಬರೆದರು. ಮುಪ್ಪಿನ ತಲೆದಿಂಬಿನ ಮೇಲೆ ಮುಳ್ಳು ನೆಡುವ ಈ ಪ್ರಯತ್ನ ನನ್ನ ಮೇಲೆ ಏನೂ ಪರಿಣಾಮ ಮಾಡದು. ಅರ್ಧ ಶತಮಾನದ ಗೆಳೆಯರು ನಾವು. ಈ ವಯಸ್ಸಿನಲ್ಲಿ ಒಂದು ಯುಗದ ಹಿಂದಕ್ಕೆ ಹೋಗಿ ಮರೆತದ್ದನ್ನು ಕೆದಕಿದರೆ ವಿಚಿತ್ರವಾದೀತು. ಆ ಪುಸ್ತಕದಲ್ಲಿ ಏನಿದೆ, ಯಾವ ಮಾತು ನಿಜ ಎಂದು ಒಂದನ್ನೂ ಅವರು ಕೇಳಲಿಲ್ಲ.

ಹಿರಿಯರು ಮನೆಯವರ ಜೊತೆ ಬೆಳಗಿನ ತಿಂಡಿಗೆ ಕೂತಿದ್ದಾಗ ಅಂಚೆ ಬಂತು. ಅವರಿಗೆ 88, ಕಣ್ಣು ಮಂದವಾಗಿತ್ತು. ಕಿರಿಯರ ಕಾಗದ ಇದೆ ಎಂದು ಮನೆಯ ಒಬ್ಬ ಹುಡುಗಿ ಹೇಳಿದಳು. ಅದರಲ್ಲೇನಿದೆ ಅಂತ ತೆರೆಯುವ ಮೊದಲೇ ನನಗೆ ಗೊತ್ತು. ನಮ್ಮಿಬ್ಬರ ನಡುವೆ ಗುಟ್ಟಿಲ್ಲ, ನನಗೆ ಓದಲೂ ಆಗದು, ನೀನೇ ತೆಗೆದು ಓದು ಎಂದರು. ಅವಳು ಜೋರಾಗಿ ಓದಿದಳು. ಇದಕ್ಕಿಂತ ಒಳ್ಳೆಯ ಕಾಗದ ಯಾರೂ ಬರೆದಿಲ್ಲ ಎಂದರು ಸುತ್ತ ಕೂತವರು. ನಾನು ನಿರೀಕ್ಷಿಸಿದ್ದೂ ಇದನ್ನೇ, ಆದರೆ ಅದಕ್ಕಿಂತ ಎಷ್ಟೋ ಪಾಲು ಚೆನ್ನಾಗಿ ಹೇಳಿದ್ದಾರೆ ಎಂದರು ಹಿರಿಯರು. ಇದನ್ನು ಅಚ್ಚು ಹಾಕಿಸಲೇಬೇಕು ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ಹಿರಿಯರು ತಡೆದರು. ಇಲ್ಲ, ನಿಲ್ಲಿ. ಅವರು ಸ್ಪಷ್ಟವಾಗಿ ಒಪ್ಪಿಗೆ ಕೊಡದೆ ಖಂಡಿತ ಇಲ್ಲ.